ನಮ್ಮ ಹಿತ್ತಲಿನ ಹುಚ್ಚಗೋಣಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಸೊಪ್ಪಿನ ವಿಷಯದಲ್ಲಿ ನನಗೆ ವಿಪರೀತ ಸೊಕ್ಕು. ಸೊಕ್ಕು ಇತ್ತು ಎಂದು ಬರೆಯಬೇಕಿತ್ತೇನೋ, ಆದರೆ ಇನ್ನೂ ಪೂರ್ತಿ ಇಳಿದಿಲ್ಲ, ಸುಳ್ಳು ಯಾಕೆ ಬರೆಯಲಿ. ನಾನು ಹುಟ್ಟಿದ್ದು ಆಳಂದ ತಾಲ್ಲೂಕಿನ ಮಟಕಿಯಲ್ಲಿ. ಮದುವೆಯಾಗಿ ಬಂದಿದ್ದು ಅಫಜಲಪುರ ತಾಲ್ಲೂಕಿನ ಗೊಬ್ಬೂರಿಗೆ. ಬಂದ ಹದಿನೈದು ದಿನಕ್ಕೇ ಹಿತ್ತಲಿಗೆ ಹೋಗಿ, ಅತ್ತೆಮನೆಯವರು ಕಳೆ ಎಂದು ಕಿತ್ತು ಎಮ್ಮೆಯ ಮುಂದೆ ಹಾಕುತ್ತಿದ್ದ ಇಲಿಕಿವಿ ಸೊಪ್ಪನ್ನು ತೊಳೆದು, ತೊಗರಿಬೇಳೆಗೆ ಹಾಕಿ ಬೇಯಿಸಿ ಬಡಿಸಿದೆ. ಮಾವನವರು ಎರಡು ಸಲ ಹಾಕಿಸಿಕೊಂಡರು. ಎಮ್ಮೆಯ ಪಾಲು ಕಸಿದು ತಿನ್ನುತ್ತಿದ್ದೇವೆ ಎಂದು ಅತ್ತೆ ನಕ್ಕರು. ಅವತ್ತಿನಿಂದ ಹಿತ್ತಲು ನನ್ನದಾಯಿತು, ಯಾರೂ ಬರೆದುಕೊಡದಿದ್ದರೂ.

ಹಿತ್ತಲು ದೊಡ್ಡದೇನಲ್ಲ. ಒಂದು ಬದಿಗೆ ಎಮ್ಮೆಯ ಕೊಟ್ಟಿಗೆ, ನಡುವೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕದಲ್ಲಿ ಬಚ್ಚಲ ನೀರು ಹರಿಯುವ ಕಾಲುವೆ. ಹಿಂದಿನ ಬಾಗಿಲಿನಿಂದ ಓಣಿಯ ಗೇಟಿನವರೆಗೆ ಶಹಾಬಾದಿ ಪರಸಿಕಲ್ಲು ಹಾಸಿದ ದಾರಿ. ಎದ್ದು ನಿಂತ ಗಿಡಗಳನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಕರಿಬೇವು, ನುಗ್ಗೆ, ನಿಂಬೆ, ಅದರಲ್ಲಿ ಏನು ಶಾಣ್ಯಾತನ? ನೆಲಕ್ಕೆ ಅಂಟಿಕೊಂಡು ಹಬ್ಬುವವುಗಳದ್ದೇ ಪಂಚಾಯಿತಿ. ಅವು ಒಂದರೊಳಗೊಂದು ಹೆಣೆದುಕೊಂಡು, ಒಂದರ ಎಲೆಯ ಕೆಳಗೆ ಇನ್ನೊಂದು ನುಸುಳಿ, ನೋಡುವವರನ್ನು ಬೇಕೆಂದೇ ಯಾಮಾರಿಸುತ್ತವೆ. ನೆಗ್ಗಿಲಮುಳ್ಳು ಕಾಯಿ ಬಿಡುವವರೆಗೂ ಎಷ್ಟು ಸಾಧು ಸೊಪ್ಪಿನಂತೆ ಮಲಗಿರುತ್ತದೆ ಎಂದರೆ, ನಮ್ಮ ಮನೆಯವರು ಎಷ್ಟೋ ಸಲ ಬರಿಗಾಲಲ್ಲಿ ಅದರ ಮೇಲೆ ನಡೆದು, ಆಮೇಲೆ ಒಂಟಿಗಾಲಲ್ಲಿ ಕುಣಿದಿದ್ದಾರೆ. ಬೈಗುಳ ಮಾತ್ರ ನನಗೆ.

ಇವೆಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಗೋಣಿಪಲ್ಲೆ. ಬೇರೆ ಕಡೆ ಗೋಳಿಸೊಪ್ಪು ಎನ್ನುತ್ತಾರಂತೆ. ನಮ್ಮಲ್ಲಿ ದೊಡ್ಡಗೋಣಿ, ಸಣ್ಣಗೋಣಿ ಎಂದು ಎರಡಿವೆ. ದೊಡ್ಡದರ ದಪ್ಪ ದಂಟು, ತುಂಬಿದ ಎಲೆ ನೋಡಿದರೆ ಕುರುಡರಿಗೂ ಗೊತ್ತಾಗುತ್ತದೆ. ಸಣ್ಣಗೋಣಿಯ ದಂಟು ದಾರದಷ್ಟು ತೆಳು, ಬಣ್ಣ ಕೆಂಪು, ಎಲೆ ಅಕ್ಕಿಕಾಳಿಗಿಂತ ಜರಾ ದೊಡ್ಡದು. ರುಚಿ ಮಾತ್ರ ಅದರದ್ದೇ, ಹುಳಿಹುಳಿ. ಇದೇ ಅಳತೆ, ಇದೇ ಕೆಂಪು ದಂಟು, ಇದೇ ಎಲೆಸಾಲು ಇಟ್ಟುಕೊಂಡು ಇನ್ನೊಂದು ಬಳ್ಳಿ ಪರಸಿಯ ಸಂದಿಯಲ್ಲಿ ಚಪ್ಪಟೆಯಾಗಿ ಹಬ್ಬುತ್ತದೆ. ಪುಸ್ತಕದಲ್ಲಿ ಅದಕ್ಕೆ ಯಾವ ಹೆಸರಿದೆಯೋ ಗೊತ್ತಿಲ್ಲ, ನಮ್ಮ ಮನೆಯಲ್ಲಿ ಹುಚ್ಚಗೋಣಿ. ತಿಂದರೆ ಗಂಟಲು ಉರಿದು ಹೊಟ್ಟೆ ತಿರುವುತ್ತದೆ. ಗುರುತಿಸುವುದಕ್ಕೆ ಒಂದೇ ಉಪಾಯ, ದಂಟು ಮುರಿದು ನೋಡುವುದು. ನೀರು ಬಂದರೆ ಗೋಣಿ, ಹಾಲು ಬಂದರೆ ಹುಚ್ಚಗೋಣಿ. ಇಷ್ಟು ಸುಲಭ ಇರುವಾಗ ಯಾರಾದರೂ ತಪ್ಪು ಮಾಡಿದರೆ ಅವರಿಗೆ ಬುದ್ಧಿ ಇಲ್ಲ ಎಂದೇ ನಾನು ಹೇಳಿಕೊಂಡು ಓಡಾಡುತ್ತಿದ್ದೆ.

ಹೀಗೆ ಹದಿನೆಂಟು ವರ್ಷ ಮೆರೆದ ಮೇಲೆ ಮೈದುನನ ಮದುವೆಯಾಗಿ ನನ್ನ ನೆಗೆಣ್ಣಿ ಬಂದಳು. ಮನೆಯಲ್ಲಿ ನಾನು ದೊಡ್ಡಾಕಿ, ಅವಳು ಸಣ್ಣಾಕಿ. ಅವಳ ತವರು ಜೇವರ್ಗಿ, ಹೆದ್ದಾರಿಯ ಪಕ್ಕದಲ್ಲೇ ಮನೆ. ಕೆಳಗೆ ಕಿರಾಣಿ ಅಂಗಡಿ, ಮೇಲೆ ಎರಡು ಕೋಣೆ. ಹಿತ್ತಲೆಂದರೆ ಮೆಟ್ಟಿಲ ಮೇಲೆ ಎಣ್ಣೆ ಡಬ್ಬಿಯಲ್ಲಿ ನೆಟ್ಟ ಒಂದು ತುಳಸಿ. ಲಾರಿಗಳ ಹಾರ್ನು ಕೇಳಿ ಬೆಳೆದ ಹುಡುಗಿಗೆ ನೆಲದ ಸೊಪ್ಪು ಎಲ್ಲಿಂದ ಗೊತ್ತಿರಬೇಕು ಎಂದು ನಾನು ನೋಡಿದ ದಿನವೇ ತೀರ್ಮಾನ ಮಾಡಿದೆ. ಅವಳು ಬಂದ ವಾರದಲ್ಲಿ ಹಿತ್ತಲಿಗೆ ಬಂದು ಫೋನು ಹಿಡಿದು ಎಲೆಗಳ ಚಿತ್ರ ತೆಗೆಯತೊಡಗಿದಾಗ ಅದು ಪಕ್ಕಾ ಆಯಿತು. ಅದರಲ್ಲಿ ಎಂಥದೋ ಆ್ಯಪು, ಚಿತ್ರ ತೋರಿಸಿದರೆ ಹೆಸರು ಹೇಳುತ್ತದಂತೆ. ನಮ್ಮ ಇಲಿಕಿವಿಯನ್ನು ತೋರಿಸಿದ್ದಕ್ಕೆ ಅದು ಒಂದೆಲಗ ಎಂದಿತು.

ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಕುಕ್ಕರಗಾಲಲ್ಲಿ ಕೂತು ಪಾಠ ಶುರು ಮಾಡಿದೆ. ಎರಡರ ಎಲೆಯೂ ದುಂಡಗೆ, ಎರಡೂ ನೆಲದಲ್ಲಿ ಗಣ್ಣುಗಣ್ಣಿಗೆ ಬೇರು ಬಿಡುತ್ತಾ ಹರಿಯುತ್ತವೆ, ಅದು ನಿಜ. ಆದರೆ ಒಂದೆಲಗ ಒಂದೊಂದು ಗಣ್ಣಿನಲ್ಲೂ ನಾಲ್ಕಾರು ಎಲೆಗಳ ಗುಂಪು ಕಟ್ಟುತ್ತದೆ, ತಿಕ್ಕಿದರೆ ಅದರದ್ದೇ ಒಂದು ವಾಸನೆ. ಇಲಿಕಿವಿ ಒಂಟಿ ಎಲೆ ಬಿಡುತ್ತಾ ಹೋಗುತ್ತದೆ, ಅದರ ಹೂವು ಹಳದಿ. ಒಂದೆಲಗದ ಹೂವನ್ನು ಎಲೆ ಎತ್ತಿ ಹುಡುಕಬೇಕು. ಇದನ್ನೆಲ್ಲ ಅವಳು ತಲೆದೂಗುತ್ತ ಕೇಳಿದಳು. ಪರಸಿಯ ಸಂದಿಗೆ ಕರೆದುಕೊಂಡು ಹೋಗಿ ಹುಚ್ಚಗೋಣಿಯ ದಂಟು ಮುರಿದು, ಬಿಳಿ ಹಾಲಿನ ಹನಿಯನ್ನು ಉಗುರ ಮೇಲೆ ತೋರಿಸಿದೆ. ಅದನ್ನೂ ಪೂರ್ತಿ ಕೇಳಿದಳು. ಮರುದಿನವೂ ಬಂದು, ಮತ್ತೆ ಹೇಳ್ರಿ ಅಕ್ಕಾ ಎಂದಳು. ಇಂಥ ಶಿಷ್ಯೆ ಸಿಕ್ಕರೆ ಯಾರಿಗೆ ಬೇಡ? ನಿಜ ಹೇಳಬೇಕೆಂದರೆ ನನಗೆ ಅವಳು ಇಷ್ಟವಾಗಿದ್ದಳು.

ಇಷ್ಟ ಕೆಟ್ಟಿದ್ದು ಮೂರನೇ ವರ್ಷದ ಎಳ್ಳಮಾವಾಸ್ಯೆಗೆ. ಈ ಹಬ್ಬಕ್ಕೆ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ತೊಗರಿ, ಜೋಳ ನಿಂತ ಹೊಲದಲ್ಲಿ ಪೂಜೆ ಮಾಡಿ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಅಲ್ಲೇ ಕಂಬಳಿ ಹಾಸಿ ಕೂತು ಊಟ. ಸಜ್ಜೆರೊಟ್ಟಿ, ಎಳ್ಳುಹೋಳಿಗೆ, ಶೇಂಗಾಹಿಂಡಿ ಏನೇ ಇರಲಿ, ಬಂದವರು ಕೇಳುವುದು ಭಜ್ಜಿಯನ್ನು. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬದನೆ, ಗಜ್ಜರಿ, ಜೊತೆಗೆ ಕೈಗೆ ಸಿಕ್ಕ ಎಲ್ಲ ತರಹದ ಸೊಪ್ಪು ಹಾಕಿ, ಹುಳಿ ಬಿಟ್ಟು, ಕಡಲೆಹಿಟ್ಟು ಕದಡಿ ದೊಡ್ಡ ಪಾತ್ರೆಯಲ್ಲಿ ಕುದಿಸಿದ ಪಲ್ಯ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಹಿಂದಿನ ಸಂಜೆ ಒಬ್ಬಳೇ ಹೆಂಗಸು ಹಿತ್ತಲ ಸೊಪ್ಪು ಕಿತ್ತು ಬುಟ್ಟಿ ತುಂಬಬೇಕು, ಆ ವರ್ಷದ ಭಜ್ಜಿ ಅವಳ ಕೈಯದ್ದು. ಆ ಬುಟ್ಟಿಯನ್ನು ಮತ್ತೊಬ್ಬರು ಆರಿಸುವ ಹಾಗಿಲ್ಲ. ಆರಿಸಿದರೆ ಕಿತ್ತವಳ ಮೇಲೆ ಭರವಸೆ ಇಲ್ಲ ಎಂದಾಗುತ್ತದೆ. ತೊಳೆಯುವುದು, ಹೆಚ್ಚುವುದು, ಅಷ್ಟೇ.

ಇಪ್ಪತ್ತು ವರ್ಷ ಆ ಬುಟ್ಟಿ ನನ್ನ ಕೈಯಲ್ಲಿತ್ತು. ಆ ಸಲ ಅತ್ತೆ, ಸಣ್ಣಾಕಿಗೆ ಕೊಡೋಣ, ಅವಳ ತಾಯಿಯೂ ಮೊದಲ ಸಲ ಹಬ್ಬಕ್ಕೆ ಬರುತ್ತಿದ್ದಾರೆ, ಮಗಳ ಕೈರುಚಿ ನೋಡಲಿ ಎಂದರು. ನಾನು ಬಾಯ್ತುಂಬ ಹೂಂ ಎಂದೆ. ಹೊಟ್ಟೆಯೊಳಗೆ ಮಾತ್ರ ಕಿಚ್ಚು. ನಲವತ್ತೈದು ದಾಟಿದ ಹೆಂಗಸು ಒಂದು ಬುಟ್ಟಿ ಸೊಪ್ಪಿಗೆ ಹೊಟ್ಟೆಕಿಚ್ಚು ಪಡುವುದು ಎಂಥ ನಾಚಿಕೆಗೇಡು ಎಂದು ನನಗೇ ಗೊತ್ತಿತ್ತು, ಆದರೂ ಪಟ್ಟೆ.

ಅವಳು ನಾಲ್ಕು ಗಂಟೆಗೇ ಹಿತ್ತಲಿಗೆ ಇಳಿದಳು. ಒಗೆಯುವ ಕಲ್ಲಿನ ಆಚೆ, ಕಾಲುವೆ ಬದಿಯಲ್ಲಿ ಮಾತ್ರ ಕೂತು ಕಿತ್ತಳು. ಅಲ್ಲಿ ಹಸಿ ಜಾಸ್ತಿ, ಹುಚ್ಚಗೋಣಿ ಬರುವುದಿಲ್ಲ. ಕಿತ್ತಿದ್ದನ್ನೆಲ್ಲ ಬುಡ ಸಮ ಮಾಡಿ, ಹಿಡಿಹಿಡಿಯಾಗಿ ಸೂಡು ಕಟ್ಟಿ, ಬುಟ್ಟಿಯಲ್ಲಿ ಸಾಲಾಗಿ ಜೋಡಿಸಿದಳು. ಬಜಾರಿನಲ್ಲಿ ಮಾರಲು ಇಟ್ಟ ಹಾಗೆ ಕಂಡಿತು. ಬೇಯಿಸುವ ಸೊಪ್ಪಿಗೆ ಇಷ್ಟು ಸಿಂಗಾರ ಯಾಕೆ ಎಂದು ನಾನು ಮೂಗು ಮುರಿದೆ. ಜನ ಬಹಳ ಬರುತ್ತಾರೆ, ಇಷ್ಟು ಸಾಲುವುದಿಲ್ಲ ಎಂದೆ. ಸಾಕಾಗುತ್ತದೆ ಅಕ್ಕಾ ಎಂದು ಹೇಳಿ, ತೊಗರಿ ಸುಲಿಯಲು ಒಳಗೆ ಹೋದಳು.

ಬುಟ್ಟಿ ಹಿಂದಿನ ಬಾಗಿಲ ಕಟ್ಟೆಯ ಮೇಲಿತ್ತು. ಹೊತ್ತು ಮುಳುಗಿ ಎಲೆಗಳೆಲ್ಲ ಒಂದೇ ಬಣ್ಣವಾಗಿದ್ದವು. ಎಲ್ಲರೂ ಒಳಗಿದ್ದರು. ನಾನು ಪರಸಿಯ ದಾರಿಗುಂಟ ಬಗ್ಗಿ, ಗೇಟಿನ ಹತ್ತಿರದ ಸಂದಿಗಳಲ್ಲಿ ದಟ್ಟವಾಗಿ ಹಬ್ಬಿದ್ದ ಸಣ್ಣಗೋಣಿಯನ್ನು ಪರಪರ ಕಿತ್ತು, ಎರಡು ದೊಡ್ಡ ಹಿಡಿ, ಸೂಡುಗಳ ಅಡಿಗೆ ತುರುಕಿದೆ. ಮುರಿದು ನೋಡಲಿಲ್ಲ. ನನ್ನಂಥವಳು ಮುರಿದು ನೋಡುವುದೆಂದರೇನು, ಕೈ ತಾಗಿದರೆ ಗೊತ್ತಾಗುತ್ತದೆ ಎಂಬ ದಿಮಾಕು. ಯಾಕೆ ಹಾಗೆ ಮಾಡಿದೆ ಎಂದರೆ, ನಾಳೆ ಭಜ್ಜಿ ಬಹಳ ರುಚಿಯಾಗಿದೆ ಎಂದು ಯಾರಾದರೂ ಸಣ್ಣಾಕಿಯನ್ನು ಹೊಗಳಿದರೆ, ಅದರಲ್ಲಿ ನನ್ನ ಕೈಯದೂ ಇದೆ ಎಂದು ಒಳಗೊಳಗೆ ಅಂದುಕೊಳ್ಳಬೇಕಿತ್ತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಏನೂ ಇರಲಿಲ್ಲ.

ಬೆಳಗ್ಗೆ ಅತ್ತೆ ಮತ್ತು ನಮ್ಮ ಮನೆಯವರ ಸೋದರತ್ತೆ ಕೂತು ಬುಟ್ಟಿಯ ಸೊಪ್ಪನ್ನು ತೊಳೆದು ಸಣ್ಣಗೆ ಹೆಚ್ಚಿದರು. ಟ್ರ್ಯಾಕ್ಟರಿನಲ್ಲಿ ಪಾತ್ರೆ, ಮಕ್ಕಳು, ಬೀಗರು, ಕಂಬಳಿ ಎಲ್ಲ ಹೇರಿಕೊಂಡು ಹೊಲಕ್ಕೆ ಹೋದೆವು. ಊಟಕ್ಕೆ ಕೂತಾಗ ಭಜ್ಜಿಯದ್ದೇ ಮಾತು. ಜೇವರ್ಗಿಯಿಂದ ಬಂದಿದ್ದ ಅವಳ ತಾಯಿ, ಬಿಳಿ ಸೆರಗು ತಲೆ ತುಂಬ ಹೊದ್ದ ಸಣ್ಣ ಹೆಂಗಸು, ತಟ್ಟೆ ನೋಡಿಕೊಂಡು ನಗುತ್ತಿದ್ದರು. ಸೋದರತ್ತೆ ಮೂರು ಸಲ ಹಾಕಿಸಿಕೊಂಡರು. ಗಂಟಲಲ್ಲಿ ಜರಾ ಕೆರೆತ ಎಂದು ಯಾರೋ ಅಂದಿದ್ದಕ್ಕೆ, ಮೆಣಸಿನಕಾಯಿ ಖಾರ ಇರಬೇಕು ಎಂದು ನಾನೇ ಉತ್ತರ ಕೊಟ್ಟೆ.

ಮೊದಲು ಎದ್ದವರು ನಮ್ಮ ಮನೆಯವರು. ತಂಬಿಗೆ ಹಿಡಿದು ತೊಗರಿ ಸಾಲಿನೊಳಗೆ ಹೋದರು. ಅವರ ಹಿಂದೆ ಮೈದುನ. ಆಮೇಲೆ ಬೀಗರಲ್ಲಿ ಇಬ್ಬರು, ಒಬ್ಬರಿಗೊಬ್ಬರು ಗೊತ್ತಾಗದಂತೆ ಬೇರೆಬೇರೆ ದಿಕ್ಕಿಗೆ ಹೊರಟು, ಒಂದೇ ಸಾಲಿನಲ್ಲಿ ಎದುರಾಗಿ ವಾಪಸ್ ತಿರುಗಿದರು. ತಂಬಿಗೆಗಳು ಸಾಲದೆ ನೀರಿನ ಬಾಟಲಿ, ಚಹಾದ ಕೆಟಲು ಎಲ್ಲ ಹೊರಟವು. ಸೋದರತ್ತೆ, ಹಬ್ಬದ ಹೊಸ ಇಳಕಲ್ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಓಡಿದ ಓಟ ಈಗ ನೆನೆದರೂ ನಗು ತಡೆಯಲಾಗುವುದಿಲ್ಲ. ಆಗ ನಗು ಬರಲಿಲ್ಲ. ನನ್ನ ಹೊಟ್ಟೆಯೂ ತಿರುವುತ್ತಿತ್ತು.

ಯಾರಿಗೂ ಜೀವಕ್ಕೆ ಏನೂ ಆಗಲಿಲ್ಲ. ಊರಿಗೆ ಬಂದ ಮೇಲೆ ದವಾಖಾನೆಯ ಕಂಪೌಂಡರು ಪುಡಿ ಕೊಟ್ಟು, ಉಪ್ಪು ಸಕ್ಕರೆ ನೀರು ಕುಡಿಸಿ, ಸೊಪ್ಪಿನಲ್ಲಿ ಏನೋ ಬಂದಿದೆ ಎಂದ. ಅತ್ತೆ ಸೀದಾ ಅಡುಗೆಮನೆಗೆ ಹೋಗಿ, ಬುಟ್ಟಿಯ ತಳದಲ್ಲಿ ಉಳಿದಿದ್ದ ಬಾಡಿದ ದಂಟುಗಳನ್ನು ಅಂಗಳಕ್ಕೆ ತಂದು ಸುರುವಿದರು. ಒಂದನ್ನು ಮುರಿದರು. ಹಾಲು ಬಂತು. ಇನ್ನೊಂದನ್ನು ಮುರಿದರು. ಅದರಲ್ಲೂ ಹಾಲು. ಸೂಡು ಕಟ್ಟದ, ಬಿಡಿ ದಂಟುಗಳು ಅವು. ನಾನು ತುರುಕಿದ್ದು.

ಎಲ್ಲರೂ ಸಣ್ಣಾಕಿಯ ಕಡೆ ತಿರುಗಿದರು. ಅವಳು ಒಮ್ಮೆ ಆ ದಂಟುಗಳನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ನಾನು ಕೊಟ್ಟಿಗೆಯ ಕಡೆ ಮುಖ ಮಾಡಿ ಎಮ್ಮೆಯನ್ನು ನೋಡಿದೆ. ಸೋದರತ್ತೆ, ಪ್ಯಾಟಿ ಹುಡುಗಿ ಕೈಗೆ ಬುಟ್ಟಿ ಕೊಟ್ಟದ್ದೇ ತಪ್ಪು, ದೊಡ್ಡಾಕಿ ಕೈಯಲ್ಲಿ ಇಪ್ಪತ್ತು ವರ್ಷ ಹೀಗಾಗಿತ್ತೇ ಎಂದರು. ಆಗ ಜೇವರ್ಗಿಯ ತಾಯಿ ಎದ್ದು ಬಂದು ಮಗಳ ಎದುರು ನಿಂತರು.

“ತಿಳೀದಿದ್ದ ಕೆಲಸಕ್ಕ ಕೈ ಹಾಕಬಾರದು ಬೇ. ಬೀಗರ ಮುಂದ ನನ್ನ ಮುಖಾ ಇಡಲಿಲ್ಲ ನೀ.”

ಹಾಗೆಂದು, ಅತ್ತೆಗೆ ಕೈಮುಗಿದು ತಪ್ಪಾಯಿತು ಎಂದರು. ನಾಲ್ಕು ದಿನ ಇರಲು ಬಂದವರು ಚೀಲ ತೆಗೆದುಕೊಂಡು ಸಂಜೆಯ ಬಸ್ಸಿಗೇ ಹೋದರು. ಸಣ್ಣಾಕಿ ಬಾಗಿಲವರೆಗೂ ಹೋಗಲಿಲ್ಲ. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ, ಹೆದರಿದೆ. ಸೊಪ್ಪು ಗೊತ್ತಿರುವವಳು ಎಂಬ ಒಂದೇ ಹೆಸರು ನನಗಿದ್ದದ್ದು, ಅದು ಹೋದರೆ ಈ ಮನೆಯಲ್ಲಿ ನಾನು ಯಾರು ಎಂದು ಹೆದರಿದೆ.

ಎರಡೇ ದಿನದಲ್ಲಿ ಓಣಿಯೆಲ್ಲ ಸುದ್ದಿ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಜೇವರ್ಗಿ ಭಜ್ಜಿ ತಿಂದಿಯೇನು ಎಂದು ಕೇಳುವುದು ರೂಢಿಯಾಯಿತು. ಅಂಗಡಿ ಕಟ್ಟೆಯಲ್ಲಿ, ನೀರಿನ ನಳದ ಹತ್ತಿರ, ಎಲ್ಲ ಕಡೆ ಅದೇ ನಗೆ. ಮೈದುನನೂ ಒಮ್ಮೆ ಊಟದ ಹೊತ್ತಿಗೆ ಅದನ್ನೇ ಅಂದ. ಅವಳು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಬಡಿಸಿದಳು. ಹಿತ್ತಲಿಗೆ ಹೋಗುವುದನ್ನು ಬಿಟ್ಟಿದ್ದಳು. ಬಟ್ಟೆ ಒಗೆಯಲು ಹೋದರೆ ಒಗೆದು ಬರುವುದು, ನೆಲದ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ನನಗೆ ಅನ್ನ ಇಳಿಯುತ್ತಿರಲಿಲ್ಲ. ಹೊಟ್ಟೆ ಇನ್ನೂ ಸರಿಹೋಗಿಲ್ಲ ಎಂದು ಎಲ್ಲರೂ ತಿಳಿದು, ನನಗೆ ಮಜ್ಜಿಗೆ ಅನ್ನ ಮಾಡಿಕೊಟ್ಟರು. ಮಾಡಿಕೊಟ್ಟವಳೂ ಅವಳೇ.

ಆರನೇ ದಿನವೋ ಏಳನೇ ದಿನವೋ, ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಕೊತ್ತಂಬರಿ ಬೇಕು ಎಂದೆ. ಅವಳು ಬುಟ್ಟಿಯಿಂದ ಒಂದು ಹಿಡಿ ತೆಗೆದು, ನನ್ನ ಮುಂದೆ ಹಿಡಿದು ನಿಂತಳು.

“ಅಕ್ಕಾ, ಇದು ಕೊತ್ತಂಬರಿ ಹೌದಲ್ರಿ?”

ನಾನು ಅವಳ ಮುಖ ನೋಡಿದೆ. ಕುಚೋದ್ಯ ಇರಲಿಲ್ಲ. ಹಾಕುವ ಮುಂಚೆ ಕೇಳಬೇಕು ಎಂದು ತೀರ್ಮಾನಿಸಿಕೊಂಡವಳ ಮುಖ ಅದು. ಕೊತ್ತಂಬರಿಯ ವಾಸನೆ ಮನೆ ತುಂಬ ಬರುತ್ತಿದೆ, ಅದನ್ನು ಕೈಯಲ್ಲಿ ಹಿಡಿದುಕೊಂಡು ಈ ಹೆಂಗಸು ನನ್ನನ್ನು ಕೇಳುತ್ತಿದ್ದಾಳೆ. ಒಗ್ಗರಣೆ ಸೀದು ಹೊಗೆ ಬಂತು. ಒಲೆ ಆರಿಸಿ, ಆ ಹುಚ್ಚಗೋಣಿ ತುರುಕಿದ್ದು ನಾನೇ ಎಂದು ಹೇಳಿಬಿಟ್ಟೆ. ಯಾವಾಗ, ಎಲ್ಲಿಂದ ಕಿತ್ತೆ, ಯಾಕೆ ಕಿತ್ತೆ, ಎಲ್ಲವನ್ನೂ ಹೇಳಿದೆ. ಹೇಳುವಾಗ ಅಳು ಬಂತು.

“ಗೊತ್ತದ್ರಿ,” ಎಂದಳು. “ಇದು ಕೊತ್ತಂಬರಿ ಹೌದೋ ಅಲ್ಲೋ, ಅಷ್ಟ ಹೇಳ್ರಿ.”

ಹೌದು ಎಂದೆ. ಅವಳು ತೊಳೆದು, ಹೆಚ್ಚಿ, ಸಾರಿಗೆ ಹಾಕಿ ಹೊರಗೆ ಹೋದಳು. ಕೆನ್ನೆಗೆ ಬಾರಿಸಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಅಂದೇ ಎಲ್ಲರೂ ಊಟಕ್ಕೆ ಕೂತಾಗ ನಾನು ನಿಂತುಕೊಂಡು, ಸ್ಪಷ್ಟವಾಗಿ, ತಪ್ಪು ನನ್ನದು ಎಂದು ಹೇಳಿದೆ. ಬೈಸಿಕೊಳ್ಳಲು ತಯಾರಾಗಿದ್ದೆ. ಅತ್ತೆ ರೊಟ್ಟಿ ಮುರಿಯುತ್ತಾ, ಸಾಕು ಬಿಡು, ನಿನ್ನ ಮನಸ್ಸು ದೊಡ್ಡದು ಎಂದರು. ನಮ್ಮ ಮನೆಯವರು ನನ್ನ ಕಡೆ ನೋಡಿ ಮೆಚ್ಚುಗೆಯಿಂದ ಕಣ್ಣು ಮಿಟುಕಿಸಿದರು. ನಾನು ಮತ್ತೆ ಹೇಳಿದೆ, ಜೋರಾಗಿ ಹೇಳಿದೆ. ಪರಸಿಯ ಸಂದಿಯಿಂದ ಕಿತ್ತೆ, ಮುರಿದು ನೋಡಲಿಲ್ಲ ಎಂದೆ. ನೀನು ಮುರಿದು ನೋಡದೆ ಕೀಳುವವಳೇ, ಯಾರ ಮುಂದೆ ಹೇಳುತ್ತೀ ಎಂದು ಮಾವನವರು ನಕ್ಕರು. ಸೋದರತ್ತೆಗೆ ಫೋನು ಹೋಯಿತು. ನೆಗೆಣ್ಣಿ ಅಂದರೆ ಹೀಗಿರಬೇಕು, ಸಣ್ಣವಳ ತಪ್ಪನ್ನು ತನ್ನ ತಲೆ ಮೇಲೆ ಹಾಕಿಕೊಂಡಿದ್ದಾಳೆ ಎಂದು ಅವರು ಹತ್ತು ಮನೆಗೆ ಸಾರಿದರು. ಸಂಜೆಯಷ್ಟರಲ್ಲಿ ಓಣಿಯ ಹೆಂಗಸರು ನನ್ನನ್ನು ಹೊಗಳಲು ಬಂದರು. ನನಗೆ ಮೈ ಪರಚಿಕೊಳ್ಳುವಷ್ಟು ಸಿಟ್ಟು. ನಿಜ ಹೇಳಿದರೆ ನನ್ನ ಹೆಸರು ಇನ್ನೂ ಏರಿತು, ಅವಳ ಹೆಸರು ಇನ್ನೂ ಕೆಟ್ಟಿತು. ತಪ್ಪು ಮಾಡಿದ್ದೂ ಸಾಲದೆ, ದೊಡ್ಡಾಕಿಯಿಂದ ಸುಳ್ಳು ಹೇಳಿಸಿದಳು ಎಂಬ ಮಾತು ಬೇರೆ ಹುಟ್ಟಿತು. ಅವಳು ಮೂಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಮರುದಿನ ಬೆಳಗ್ಗೆ ಯಾರನ್ನೂ ಕೇಳದೆ ಬಸ್ಸು ಹತ್ತಿದೆ. ಕಲಬುರಗಿಯಲ್ಲಿ ಇಳಿದು ಜೇವರ್ಗಿ ಬಸ್ಸು ಹಿಡಿದೆ. ಭೀಮಾ ಸೇತುವೆ ದಾಟುವವರೆಗೂ ಏನು ಹೇಳಬೇಕು ಎಂದು ಬಾಯಿಪಾಠ ಮಾಡಿದ್ದೆಲ್ಲ, ಜೇವರ್ಗಿಯ ಬಿಸಿಲಿಗೆ ಇಳಿದ ಕೂಡಲೇ ಮರೆತುಹೋಯಿತು. ಅವಳ ತಾಯಿ ಅಂಗಡಿಯಲ್ಲೇ ಇದ್ದರು, ಬೆಲ್ಲ ಒಡೆಯುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾಗಿ ಎದ್ದು, ಮಗಳು ಮತ್ತೇನು ಮಾಡಿದಳು ಎಂದು ಕೇಳಿದರು. ಮೊದಲ ಮಾತೇ ಅದು.

ಅವಳೇನೂ ಮಾಡಿಲ್ಲ, ಮಾಡಿದ್ದು ನಾನು ಎಂದು ಎಲ್ಲ ಹೇಳಿದೆ. ಇವರೂ ನಂಬಲಿಕ್ಕಿಲ್ಲ, ಇಲ್ಲೂ ನನ್ನನ್ನು ಹೊಗಳಿ ಚಹಾ ಕುಡಿಸಿ ಕಳಿಸುತ್ತಾರೆ ಎಂದು ಕಾದೆ. ಅವರು ಬೆಲ್ಲದ ಕೈ ಒರೆಸಿಕೊಳ್ಳದೆ ನಿಂತಿದ್ದರು. ಒಂದೇ ಒಂದು ಕೇಳಿದರು.

“ಆಕಿ ಸೂಡ ಕಟ್ಟಿದ್ದಳೇನ್ರಿ?”

ಕಟ್ಟಿದ್ದಳು, ಎಲ್ಲವನ್ನೂ ಸಾಲಾಗಿ ಕಟ್ಟಿ ಇಟ್ಟಿದ್ದಳು, ನಾನು ಹಾಕಿದ್ದು ಮಾತ್ರ ಬಿಡಿ ಎಂದೆ. ಅವರು ಅಲ್ಲೇ ಜೋಳದ ಚೀಲದ ಮೇಲೆ ಕೂತುಬಿಟ್ಟರು. ಆಮೇಲೆ ಹೇಳಿದ್ದು ಇದು. ಈ ಅಂಗಡಿ ಆಗುವ ಮುಂಚೆ ಹನ್ನೆರಡು ವರ್ಷ ಅವರು ಜೇವರ್ಗಿ ಸುತ್ತಲಿನ ಹೊಲಗಳ ಬದುವಿನಲ್ಲಿ ಸೊಪ್ಪು ಕಿತ್ತು, ಬಜಾರಿನಲ್ಲಿ ಮಾರಿ ಮನೆ ನಡೆಸಿದವರು. ಮಗಳು ನಡೆಯಲು ಕಲಿತಾಗಿನಿಂದ ಜೊತೆಗೆ. ಪ್ರತಿ ದಂಟನ್ನೂ ಮುರಿದು, ಉಗುರಿಗೆ ಒರೆಸಿ, ಹಾಲಿಲ್ಲ ಎಂದು ನೋಡಿದ ಮೇಲೆಯೇ ಸೂಡಿಗೆ ಸೇರಿಸಬೇಕು. ನೋಡದ ದಂಟು ಸೂಡಿನಲ್ಲಿ ಇದ್ದರೆ ಆ ಇಡೀ ಸೂಡನ್ನೇ ಚರಂಡಿಗೆ ಎಸೆಯುತ್ತಿದ್ದರಂತೆ, ಮಗಳು ಅತ್ತರೂ ಬಿಡುತ್ತಿರಲಿಲ್ಲವಂತೆ. ಅಂಗಡಿಯವರ ಮಗಳು ಎಂದು ಮದುವೆ ಮಾಡಿಕೊಟ್ಟು, ತಾಯಿ ಮಗಳು ಇಬ್ಬರೂ ಬೀಗರ ಮುಂದೆ ಸೊಪ್ಪು ಗೊತ್ತಿಲ್ಲದವರ ಹಾಗೆ ಇದ್ದದ್ದರಿಂದ ನಮಗೆ ಇದೊಂದೂ ಗೊತ್ತಿರಲಿಲ್ಲ.

ಕುಕ್ಕರಗಾಲಲ್ಲಿ ಕೂತು, ಉಗುರ ಮೇಲೆ ಹಾಲಿನ ಹನಿ ತೋರಿಸಿ, ನಾನು ಯಾರಿಗೆ ಪಾಠ ಹೇಳಿದ್ದೆ! ಅವಳು ಎರಡು ದಿನ ಕೂತು ಕೇಳಿದ್ದಳು. ನನಗಿದು ಗೊತ್ತು ಎಂದು ಒಂದು ಸಲವೂ ಅನ್ನಲಿಲ್ಲ. ನನಗೆ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತು.

ಆದರೆ ಆ ತಾಯಿ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ನನ್ನ ಮೇಲೆ ಸಿಟ್ಟೂ ಮಾಡಲಿಲ್ಲ. ಕೈಗೆ ಅಂಟಿದ ಬೆಲ್ಲವನ್ನು ನೋಡುತ್ತಾ, ತಮಗೆ ತಾವೇ ಹೇಳಿಕೊಂಡರು.

“ಕಲಿಸಿದಾಕಿ ನಾನಾ. ತಪ್ಪ ಆಕೀದ ಅಂತ ಎಲ್ಲಾರಕಿಂತ ಮೊದಲ ನಂಬಿದಾಕಿನೂ ನಾನಾ.”

ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿದರು. ಸೀರೆ ಬದಲಿಸಲಿಲ್ಲ, ಚೀಲ ತೆಗೆದುಕೊಳ್ಳಲಿಲ್ಲ, ಮನೆಯ ಚಪ್ಪಲಿಯಲ್ಲೇ ನನ್ನ ಜೊತೆ ಬಸ್ಸು ಹತ್ತಿದರು. ಆ ದಿನದಿಂದ ಮಗಳು ಫೋನು ಎತ್ತಿಲ್ಲ, ನಾನೂ ಬೈಯಲಿಕ್ಕೇ ಮಾಡುತ್ತಿದ್ದೆ ಎಂದರು. ಅಷ್ಟು ಹೇಳಿ, ಕಲಬುರಗಿವರೆಗೆ ಕಿಟಕಿಯ ಹೊರಗೆ ನೋಡಿದರು. ನಾನು ಸಮಾಧಾನ ಹೇಳಲು ಹೋಗಲಿಲ್ಲ, ಆ ಯೋಗ್ಯತೆ ನನಗಿರಲಿಲ್ಲ.

ಗೊಬ್ಬೂರಿಗೆ ಬಂದಾಗ ನಾಲ್ಕು ಗಂಟೆ. ಅತ್ತೆ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಬೀಗಿತ್ತಿ ಕೂತುಕೊಳ್ಳಲಿಲ್ಲ, ನೀರೂ ಮುಟ್ಟಲಿಲ್ಲ. ನನ್ನ ಮಗಳು ಕಟ್ಟಿದ ಸೂಡಿನಲ್ಲಿ ಹುಚ್ಚಗೋಣಿ ಬರುವುದಿಲ್ಲ, ಬೇಕಾದರೆ ಈಗಲೇ ಹಿತ್ತಲಿಗೆ ಇಳಿಸಿ ನೋಡಿ ಎಂದರು. ಅತ್ತೆ ಅವರನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಈ ಸಲ ನನ್ನ ಮನಸ್ಸು ದೊಡ್ಡದು ಎನ್ನಲಿಲ್ಲ. ಕೈಯಲ್ಲಿದ್ದ ಬತ್ತಿ ಕೆಳಗಿಟ್ಟು, ಮುಖ ಸಣ್ಣ ಮಾಡಿಕೊಂಡು, ಹಿತ್ತಲ ಬಾಗಿಲನ್ನು ಅವರೇ ತೆರೆದು ಕೊಟ್ಟರು.

ಸಣ್ಣಾಕಿ ಕಲ್ಲಿನ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು. ತಾಯಿಯನ್ನು ನೋಡಿ ಎದ್ದು ನಿಂತಳು, ಬೂದಿ ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡಳು. ತಾಯಿ ಹತ್ತಿರ ಹೋದರು. ಅಳು ತಡೆದುಕೊಳ್ಳಲು ಆಗುತ್ತಿರಲಿಲ್ಲ.

“ಯಾಕ ಹೇಳಲಿಲ್ಲ ಬೇ? ನಾ ಹಾಕಿಲ್ಲ ಅಂತ ಒಂದ ಮಾತ ನನಗರ ಯಾಕ ಹೇಳಲಿಲ್ಲ?”

ಅವಳು ಅವ್ವನನ್ನು ನೋಡಿದಳು. ಸಿಟ್ಟಿರಲಿಲ್ಲ, ದನಿಯೂ ಏರಲಿಲ್ಲ.

“ನೀ ಕೇಳಲಿಲ್ಲಲ್ಲ, ಅವ್ವ.”

ತಾಯಿ ಆ ಬೂದಿ ಕೈಗಳನ್ನು ಎಳೆದು ತಮ್ಮ ಎದೆಗೆ ಒತ್ತಿಕೊಂಡರು. ನಾನು, ಅತ್ತೆ ಇಬ್ಬರೂ ಬಾಗಿಲಲ್ಲೇ ನಿಂತಿದ್ದೆವು. ಒಳಗೆ ಕರೆಯುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.